ಮೂಲೆಯಲ್ಲಿ ಕಾಯುವ ಕೆಲವು ಮೈಕ್ರೊಸೆಕೆಂಡುಗಳು

12 ಮಾರ್ಚ್ 2024, ಮಂಗಳವಾರ

ಇಂದಿನ ಹೊತ್ತೆಲ್ಲ ಲೇಸರ್ ಮಾರ್ಕಿಂಗ್ ಯಂತ್ರದ ಪಾಲಿಗನ್ ಡಿಲೇಯನ್ನು, ಅಂದರೆ ಗೆರೆ ತಿರುಗುವ ಮೂಲೆಯಲ್ಲಿ ಆಜ್ಞೆ ಕಾಯುವ ಸಮಯವನ್ನು, ಹೊಂದಿಸುವುದರಲ್ಲಿಯೇ ಕಳೆಯಿತು. ಕಪ್ಪು ಆನೊಡೈಸ್ (ತೆಳು ಆಕ್ಸೈಡ್ ಲೇಪ) ಮಾಡಿದ ಅಲ್ಯೂಮಿನಿಯಂ ತಗಡಿನ ಮೇಲೆ ಒಂದು ಚೌಕ, ಐದು ಮೊನೆಗಳ ಒಂದು ನಕ್ಷತ್ರ, ಒಂದು ವೃತ್ತ. ಪರೀಕ್ಷೆಗೆ ಇಷ್ಟು ಸಾಕು. ವೇಗ ಸೆಕೆಂಡಿಗೆ 1000 ಮಿ.ಮೀ., ಪಲ್ಸ್ ಆವರ್ತನ 20 ಕಿಲೊಹರ್ಟ್ಸ್, ಅಂದರೆ ಸೆಕೆಂಡಿಗೆ 20,000 ಲೇಸರ್ ಮಿಡಿತಗಳು.

ಕಿರಣವನ್ನು ತಿರುಗಿಸಿ ಗೆರೆ ಎಳೆಯುವ ಗ್ಯಾಲ್ವೊ ಕನ್ನಡಿಗಳಿಗೆ ಜಡತ್ವವಿರುವುದರಿಂದ ಅವು ನಿಯಂತ್ರಕದ ಆಜ್ಞೆಗಿಂತ ಸದಾ ತುಸು ಹಿಂದೆಯೇ ಇರುತ್ತವೆ. ಈ ಹಿನ್ನಡೆ 200 ಮೈಕ್ರೊಸೆಕೆಂಡ್ ಎಂದಿಟ್ಟುಕೊಂಡರೆ, ಮೇಲಿನ ವೇಗದಲ್ಲಿ ಕಿರಣವು ಆಜ್ಞೆಗಿಂತ 0.2 ಮಿ.ಮೀ. ಹಿಂದಿರುತ್ತದೆ. ಆಜ್ಞೆಯು ಮೂಲೆ ಮುಟ್ಟಿದೊಡನೆ ತಿರುಗಿಬಿಟ್ಟರೆ, ಇನ್ನೂ ಅಲ್ಲಿಗೆ ತಲುಪದ ಕಿರಣ ಒಳಬದಿಯಿಂದಲೇ ಬಾಗಿ ಹೋಗಿ ಚೌಕದ ಮೂಲೆ ದುಂಡಗಾಗುತ್ತದೆ. ಆಜ್ಞೆಯನ್ನು ಅಲ್ಲಿ ಕಾಯಿಸಿದರೆ ಮೂಲೆಯೇನೋ ಚೂಪಾಗುತ್ತದೆ, ಆದರೆ ಕನ್ನಡಿಗಳು ನಿಧಾನಿಸಿದಾಗಲೂ ಲೇಸರ್ ಉರಿಯುತ್ತಲೇ ಇರುತ್ತದೆ. ಓಟದಲ್ಲಿ 0.05 ಮಿ.ಮೀ. ಅಂತರದಲ್ಲಿ ಬೀಳುವ ಪಲ್ಸ್‌ಗಳು, ಕಿರಣ 200 ಮೈಕ್ರೊಸೆಕೆಂಡ್ ನಿಂತುಬಿಟ್ಟರೆ ಒಂದೇ ಜಾಗದಲ್ಲಿ ನಾಲ್ಕು ಬೀಳುತ್ತವೆ. ಭೂತಗನ್ನಡಿಯಲ್ಲಿ ನೋಡಿದರೆ ಅಲ್ಲೊಂದು ಗುಳಿ.

ಮೂಲೆಗೆ ಕೈ ಹಾಕುವ ಮೊದಲು ಲೇಸರ್ ಆನ್ ಮತ್ತು ಆಫ್ ಡಿಲೇಗಳು (ಗೆರೆಯ ಆರಂಭದಲ್ಲಿ ಲೇಸರ್ ಹೊತ್ತಿಸುವ, ಕೊನೆಯಲ್ಲಿ ಆರಿಸುವ ಮುನ್ನ ಕಾಯುವ ಸಮಯಗಳು) ಸರಿಯಿರಬೇಕು. ಗೆರೆಯ ಆರಂಭದಲ್ಲಿಯೇ ಸುಟ್ಟ ಚುಕ್ಕೆಯಿದ್ದರೆ, ಅದು ಮುಚ್ಚಿದ ಆಕೃತಿಯ ಮೊದಲ ಮೂಲೆಯಲ್ಲಿ ಕುಳಿತು ಪಾಲಿಗನ್ ಡಿಲೇಯ ದೋಷದಂತೆಯೇ ಕಾಣುತ್ತದೆ. ಒಂದು ವೇಗಕ್ಕೆ ಯಾರೋ ಬರೆದಿಟ್ಟ ಅಂಕಿಯನ್ನು ಎಲ್ಲ ವೇಗಗಳಿಗೂ ಹಾಗೆಯೇ ಬಳಸುವ ರೂಢಿಯೂ ನನಗೆ ಒಪ್ಪಿಗೆಯಿಲ್ಲ: ಅದೇ ಹಿನ್ನಡೆ ಸೆಕೆಂಡಿಗೆ 200 ಮಿ.ಮೀ. ವೇಗದಲ್ಲಿ ಕೇವಲ 0.04 ಮಿ.ಮೀ. ಆಗುತ್ತದೆ.

ಇಂದು ನಿಜವಾಗಿ ಪಾಠ ಹೇಳಿದ್ದು ವೃತ್ತ. ನಿಯಂತ್ರಕದ ಪಾಲಿಗೆ ಅದು 36 ಸಣ್ಣ ಗೆರೆಗಳು, ಪ್ರತಿ ಸೇರುವೆಯಲ್ಲಿ 10 ಡಿಗ್ರಿ ತಿರುವು. ಸ್ಥಿರ ಡಿಲೇ ಇಟ್ಟಾಗ ಪ್ರತಿ ಸೇರುವೆಯೂ ಸುಟ್ಟು, ವೃತ್ತವು ಮಣಿಸರದಂತೆ ಮೂಡಿತು. ತಿರುವಿನ ಕೋನಕ್ಕೆ ತಕ್ಕಂತೆ ಬದಲಾಗುವ ಡಿಲೇಯನ್ನು ಆಯ್ದುಕೊಂಡ ಮೇಲೆ ಮಣಿಗಳು ಮಾಯವಾದವು. ಒಂದರಿಂದ ಕೋನದ ಕೊಸೈನ್ ಕಳೆದು ಅರ್ಧ ಮಾಡುವ ಸೂತ್ರದಂತೆ, 10 ಡಿಗ್ರಿಗೆ ಪೂರ್ಣ ಡಿಲೇಯ ಶೇಕಡ ಒಂದೂ ದಕ್ಕುವುದಿಲ್ಲ. ಚೌಕದ ಮೂಲೆಗೆ ಅರ್ಧ, 144 ಡಿಗ್ರಿ ತಿರುಗುವ ನಕ್ಷತ್ರದ ಮೊನೆಗೆ ಸುಮಾರು ಶೇಕಡ 90 ಸಿಗುತ್ತದೆ. ಹಾಗಾಗಿ ಪೂರ್ಣ ಮೌಲ್ಯವನ್ನು ಚೌಕಕ್ಕಲ್ಲ, ನಕ್ಷತ್ರದ ಮೊನೆಗೆ ಹೊಂದಿಸಿದೆ. ಅಲ್ಲಿಯೂ ಕೂದಲೆಳೆಯಷ್ಟು ದುಂಡುತನವನ್ನು ಉಳಿಸಿಕೊಂಡೆ. ತೆಳು ಲೇಪದ ಮೇಲೆ ಗುಳಿಗಿಂತ ಅದೇ ಮೇಲು.

ದುಂಡೂ ಆಗಬಾರದು, ಗುಳಿಯೂ ಬೀಳಬಾರದು ಎನ್ನುವ ಕೆಲಸಕ್ಕೆ ಸ್ಕೈ ರೈಟಿಂಗ್ ಇದೆ: ಲೇಸರ್ ಆರಿಸಿ, ಕನ್ನಡಿಗಳನ್ನು ಮೂಲೆಯಾಚೆ ಓಡಿಸಿ, ಸುತ್ತಿಸಿ, ಪೂರ್ಣ ವೇಗದಲ್ಲಿ ಮರಳಿ ತಂದು ಮುಂದಿನ ಗೆರೆಯನ್ನು ಆರಂಭಿಸುವುದು. ಅದಕ್ಕೆ ಹೆಚ್ಚು ಸಮಯ ಬೇಕು. ಆಳ ಕೆತ್ತನೆಯ ಕಡತಗಳಿಗೆ ಮಾತ್ರ, ಅದರಲ್ಲೂ ಚೂಪು ತಿರುವುಗಳಿಗಷ್ಟೇ ಅನ್ವಯಿಸುವಂತೆ ಕೋನದ ಮಿತಿ ಕೊಟ್ಟು, ಅದನ್ನು ಚಾಲೂ ಮಾಡಿದ್ದೇನೆ.