ತಾರಸಿ ಆಂಟೆನಾ ಲಾಗ್: ಎಲ್ಲ ತೆರೆಯುತ್ತೆ, ಬೇಕಾದ್ದೊಂದು ಬಿಟ್ಟು

ಈ ಸಲ ಆಂಟೆನಾ ಕೆಲಸ ಏನೂ ಆಗಿಲ್ಲ. ಇದ್ದ ಸಮಯವನ್ನೆಲ್ಲ ಇಂಟರ್‌ನೆಟ್ ನುಂಗಿತು.

ಹೊಸಬರಿಗೆ ಎರಡು ಮಾತು. ತುಮಕೂರಿನ ಬಟವಾಡಿಯಲ್ಲಿ ನಮ್ಮ ತಾರಸಿ ಮೇಲೆ, ಹವಾಮಾನ ಉಪಗ್ರಹಗಳು ಕಳಿಸುವ ಚಿತ್ರ ಹಿಡಿಯಲು, ವಿ ಆಕಾರದ ಡೈಪೋಲ್ (ಎರಡು ಕಡ್ಡಿಯ ಆಂಟೆನಾ) ಇದೆ. ಒಂದೊಂದು ಕಡ್ಡಿ 53.4 ಸೆಂ.ಮೀ., ನಡುವೆ 120 ಡಿಗ್ರಿ. ಅಮೆರಿಕದ ನೋವಾ ಸಂಸ್ಥೆಯ ಹಳೇ ಹವಾಮಾನ ಉಪಗ್ರಹಗಳು 2025ರಲ್ಲಿ ನಿಂತುಹೋದ ಮೇಲೆ ರಷ್ಯಾದ ಮೆಟಿಯೋರ್‌ಗಳೇ ಗತಿ. ಅವು ಎಷ್ಟೊತ್ತಿಗೆ ತಲೆ ಮೇಲೆ ಬರುತ್ತವೆ ಅಂತ ಲೆಕ್ಕ ಹಾಕಲು ಟಿಎಲ್ಇ ಬೇಕು. ಸಾಲಿಗೆ 69 ಅಕ್ಷರದಂತೆ ಬರೀ ಎರಡು ಸಾಲು, ಅದರಲ್ಲೇ ಇಡೀ ಕಕ್ಷೆ ಇರುತ್ತೆ. ಇದಕ್ಕೆ ನಾನು ನೆಚ್ಚಿಕೊಂಡಿರುವುದು ಟಿ.ಎಸ್. ಕೆಲ್ಸೊ 1985ರಿಂದ ನಡೆಸುತ್ತಿರುವ ಸೆಲೆಸ್‌ಟ್ರಾಕ್ ವೆಬ್‌ಸೈಟನ್ನು.

ಮನೆಗೆ ಹೊಸ ರೂಟರ್ ಬಂದ ಮೇಲೆ ಅದು ತೆರೆಯುವುದೇ ನಿಂತುಹೋಯಿತು. ದೋಷ ಮಾತ್ರ ಆ ವೆಬ್‌ಸೈಟ್‌ನದ್ದಲ್ಲ, ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಸಲೀಸಾಗಿ ಬರುತ್ತಿತ್ತು. ಮೆಟಿಯೋರ್‌ಗಾದರೆ ವಾರದ ಹಿಂದಿನ ಅಂಕಿಯಲ್ಲೂ ಕೆಲಸ ನಡೆಯುತ್ತೆ. ಬಾಹ್ಯಾಕಾಶ ನಿಲ್ದಾಣಕ್ಕೆ ನಡೆಯಲ್ಲ. ಅದು ಸುಮಾರು 400 ಕಿ.ಮೀ. ಎತ್ತರದಲ್ಲಿದೆ, ಅಲ್ಲಿನ ತೆಳು ಗಾಳಿ ಅದನ್ನು ಕೆಳಕ್ಕೆ ಎಳೆಯುತ್ತಲೇ ಇರುತ್ತೆ, ಆಗಾಗ ಎಂಜಿನ್ ಉರಿಸಿ ಮೇಲಕ್ಕೆತ್ತುತ್ತಾರೆ, ಹಾಗಾಗಿ ಹಳೇ ಟಿಎಲ್ಇ ನಂಬಿಕೊಂಡರೆ ಟೈಮಿಂಗ್ ತಪ್ಪುತ್ತೆ.

ಯಾರನ್ನು ಕೇಳಿದರೂ ಒಂದೇ ಮಾತು: ಡಿಎನ್ಎಸ್ (ವೆಬ್‌ಸೈಟಿನ ಹೆಸರಿಗೆ ಅಂಕಿಯ ವಿಳಾಸ ಹುಡುಕಿಕೊಡುವ ಸೇವೆ) ಬದಲಾಯಿಸಿ. ಬದಲಾಯಿಸಿದೆ, 1.1.1.1 ಹಾಕಿದೆ. ಬ್ರಾಡ್‌ಬ್ಯಾಂಡ್‌ನಲ್ಲೂ ಮೊಬೈಲ್‌ನಲ್ಲೂ ಆ ವಿಳಾಸ ಕೇಳುವ ಎನ್ಎಸ್‌ಲುಕಪ್ ಕಮಾಂಡ್ ಕೊಟ್ಟ ವಿಳಾಸ ಒಂದೇ, ಅಂದ ಮೇಲೆ ಡಿಎನ್ಎಸ್ ಮೇಲೆ ಅನುಮಾನ ಪಡುವುದು ದಂಡ. ಲ್ಯಾಪ್‌ಟಾಪಿನ ಗಡಿಯಾರ (ಅದು ತಪ್ಪಿದ್ದರೂ ಸುರಕ್ಷಿತ ಪುಟ ತೆರೆಯದೆ ಹೋಗಬಹುದು) ಸರಿ ಇತ್ತು, ಬೇರೆ ಬ್ರೌಸರ್‌ನಲ್ಲೂ ಅದೇ ಕತೆ.

ಸುಳಿವು ಸಿಕ್ಕಿದ್ದು ಕಮಾಂಡ್ ಕೊಟ್ಟು ಪುಟ ತರಿಸುವ ಕರ್ಲ್‌ನಲ್ಲಿ. ಪ್ರತಿ ಹೆಜ್ಜೆ ತೋರಿಸುವ ವರ್ಬೋಸ್ ಆಯ್ಕೆ ಹಾಕಿ ಓಡಿಸಿದಾಗ ಕನೆಕ್ಟ್ ಆಯಿತು, ಕ್ಲೈಂಟ್ ಹಲೋ (ಸುರಕ್ಷಿತ ಸಂಪರ್ಕ ಕೇಳುವ ಮೊದಲ ಸಂದೇಶ) ಹೋಯಿತು, ಆಮೇಲೆ ಸದ್ದೇ ಇಲ್ಲ! ಸಣ್ಣ ಪ್ಯಾಕೆಟ್‌ಗಳು ಓಡಾಡುತ್ತಿವೆ, ಸರ್ಟಿಫಿಕೇಟ್ ಹೊತ್ತ ದೊಡ್ಡವು ಬರುತ್ತಿಲ್ಲ.

ಆಗ ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ, ನೆನಪಾಯಿತು. ಈಥರ್‌ನೆಟ್‌ನಲ್ಲಿ ಒಂದು ಪ್ಯಾಕೆಟ್ 1500 ಬೈಟ್ ಇರಬಹುದು. ನಮ್ಮದು ಪಿಪಿಪಿಒಇ (ರೂಟರ್ ಕಂಪನಿಗೆ ಲಾಗಿನ್ ಆಗುವ ವಿಧಾನ) ಸಂಪರ್ಕ, ಅದು ತನಗೆ 8 ಬೈಟ್ ಹಿಡಿದುಕೊಳ್ಳುತ್ತೆ, ಉಳಿಯುವುದು 1492. ವಿಂಡೋಸ್‌ನಲ್ಲಿ ತುಂಡು ಮಾಡಬೇಡ ಅನ್ನುವ ಆಯ್ಕೆಯ ಜೊತೆ 1472 ಗಾತ್ರದ ಪಿಂಗ್ (ದಾರಿ ಪರೀಕ್ಷಿಸುವ ಪ್ಯಾಕೆಟ್) ಕಳಿಸಿದರೆ ಹೋಗಲಿಲ್ಲ, 1464 ಹೋಯಿತು. ಅದಕ್ಕೆ ಹೆಡರ್‌ಗಳ 28 ಸೇರಿಸಿ, ಸರಿಯಾಗಿ 1492.

ಇಷ್ಟಾದರೆ ತೊಂದರೆ ಇಲ್ಲ. ಆ ಕಡೆಯ ಸರ್ವರ್ 1500ರದ್ದು ಕಳಿಸಿದಾಗ, ನಡುವೆ ಇರುವ ಯಂತ್ರ 'ಇದು ಹಿಡಿಸಲ್ಲ, ಚಿಕ್ಕದು ಕಳಿಸು' ಅಂತ ಐಸಿಎಂಪಿ (ಜಾಲದ ದೋಷ ತಿಳಿಸುವ) ಸಂದೇಶ ಹಿಂದಕ್ಕೆ ಕಳಿಸಬೇಕು. ಸುರಕ್ಷತೆ ಅಂತ ಯಾರೋ ಐಸಿಎಂಪಿಯನ್ನೇ ತಡೆದಿದ್ದರೆ ಆ ಮಾತು ತಲುಪಲ್ಲ, ಸರ್ವರ್ ಅದೇ ದೊಡ್ಡ ಪ್ಯಾಕೆಟ್ ಮತ್ತೆ ಮತ್ತೆ ಕಳಿಸುತ್ತಾ ಕೂರುತ್ತೆ. ಉಳಿದ ವೆಬ್‌ಸೈಟ್‌ಗಳು ಹೇಗೆ ತೆರೆಯುತ್ತಿದ್ದವು ಅಂತೀರಾ? ದೊಡ್ಡ ವೆಬ್‌ಸೈಟ್‌ನವರಲ್ಲಿ ಕೆಲವರು ಮೊದಲೇ ಗಾತ್ರ ಇಳಿಸಿ ಕಳಿಸುತ್ತಾರೆ. ಅದಕ್ಕೇ ಈ ರೋಗ ಕಣ್ಣಿಗೆ ಬೀಳುವುದು ಕಷ್ಟ.

ಲ್ಯಾಪ್‌ಟಾಪಿನ ಎಂಟಿಯು 1492 ಮಾಡಿದೆ, ಆಗ ಅದು ಚಿಕ್ಕದನ್ನೇ ಕಳಿಸು ಅಂತ ಸರ್ವರ್‌ಗೆ ಮೊದಲೇ ಹೇಳುತ್ತೆ. ಪುಟ ತಟ್ಟನೆ ಬಂತು. ಆದರೆ ಮನೆಯ ಒಂದೊಂದು ಫೋನಿಗೂ ಹಾಗೆ ಮಾಡುತ್ತಾ ಕೂರಲಾಗುತ್ತಾ? ರೂಟರ್‌ನ ವ್ಯಾನ್ (ಹೊರಗಿನ ಸಂಪರ್ಕದ) ಪುಟದಲ್ಲಿ ಎಂಎಸ್ಎಸ್ ಕ್ಲಾಂಪಿಂಗ್ (ಒಂದು ಪ್ಯಾಕೆಟ್‌ನಲ್ಲಿ ಇಷ್ಟೇ ಡೇಟಾ ಇರಲಿ ಅಂತ ಎಲ್ಲರ ಪರವಾಗಿ ರೂಟರೇ ಹೇಳುವ ಸೌಲಭ್ಯ) ಆಫ್ ಆಗಿತ್ತು. ಆನ್ ಮಾಡಿ, 1452 ಅಂತ ಹಾಕಿ (1492ರಲ್ಲಿ ಐಪಿ, ಟಿಸಿಪಿ ಹೆಡರ್‌ಗಳ 40 ಕಳೆದರೆ ಬರುವುದು), ಲ್ಯಾಪ್‌ಟಾಪನ್ನು ಮೊದಲಿನಂತೆ 1500ಕ್ಕೆ ತಂದೆ. ಈಗ ಎಲ್ಲದರಲ್ಲೂ ತೆರೆಯುತ್ತಿದೆ. ಕಂಪನಿಯ ಸಹಾಯವಾಣಿಯವರು ಮಾತ್ರ ಇನ್ನೂ 'ರೂಟರ್ ಆಫ್ ಮಾಡಿ ಆನ್ ಮಾಡಿ ಸಾರ್' ಅನ್ನುತ್ತಿದ್ದಾರೆ.

ಟಿಎಲ್ಇ ತರುವ ಸ್ಕ್ರಿಪ್ಟ್ ಮತ್ತೆ ಓಡುತ್ತಿದೆ, ದಿನಕ್ಕೆ ಎರಡೇ ಸಲ. ಜಾಸ್ತಿ ಕೇಳಿದರೆ ಸೆಲೆಸ್‌ಟ್ರಾಕ್‌ನವರು ನಮ್ಮ ಐಪಿಯನ್ನೇ ತಡೆಯುತ್ತಾರೆ, ನ್ಯಾಯ ಕೂಡ. ಇನ್ನು ಪಕ್ಕದ ಮನೆಯ ಬೋರ್ ಮೋಟರ್ ಶುರುವಾದಾಗ ಚಿತ್ರದಲ್ಲಿ ಬರುವ ಪಟ್ಟೆಗಳನ್ನು ನೋಡಬೇಕು. ಆಂಟೆನಾದ ಕೋಆಕ್ಸ್ ಕೇಬಲ್‌ಗೆ ಇಂಥ ಗದ್ದಲ ತಡೆಯುವ ಫೆರೈಟ್ ತರಿಸಿದ್ದೇನೆ.