ಈ ವಯಸ್ಸಿನಲ್ಲಿ ಕಥೆ ಬರೆದು ಏನು ಸಿಗುತ್ತೆ?

"ರಿಟೈರ್ ಆದ್ಮೇಲೆ ಟೈಂಪಾಸ್‌ಗೆ ಕಥೆ ಬರೀತೀರಂತೆ. ಈ ವಯಸ್ಸಲ್ಲಿ ಅದರಿಂದ ಏನು ಸಿಗುತ್ತೆ?" ಮದುವೆ ಮನೆಯ ಪಂಕ್ತಿಯಲ್ಲಿ ಕೇಳುತ್ತಾರೆ, ಬೆಳಗಿನ ವಾಕಿಂಗ್‌ನಲ್ಲಿ ಕೇಳುತ್ತಾರೆ. ಬಾಯಲ್ಲಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಮೊದಲು ಆ ಟೈಂಪಾಸ್ ಅನ್ನೋ ಮಾತು ಬಿಡಿ. ಹೊತ್ತು ಕಳೆಯಲು ಟಿವಿ ಇದೆ. ವಯಸ್ಸಿನ ಮಾತೂ ಬೇಡ. 1917ರಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ 'ತುಂಗಭದ್ರಾ' ಬಂದಿದ್ದು 1963ರಲ್ಲಿ. ಬ್ಯಾಂಕಿನಲ್ಲಿ ದುಡಿದ ಶ್ರೀನಿವಾಸ ವೈದ್ಯರು 1936ರಲ್ಲಿ ಹುಟ್ಟಿದವರು; 'ಹಳ್ಳ ಬಂತು ಹಳ್ಳ' ಪ್ರಕಟವಾಗಿದ್ದು 2004ರಲ್ಲಿ, ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ 2008ರಲ್ಲಿ.

ಏನು ಸಿಗುತ್ತೆ? ದುಡ್ಡಂತೂ ಲೆಕ್ಕಕ್ಕಿಲ್ಲ. ಆದರೆ ಸೊಸೆಯನ್ನು ಕಾಡಿದ ಅತ್ತೆಯ ಬಗ್ಗೆ ಬರೆಯಲು ಕೂತು ನೋಡಿ. ಅವಳು ಬರೀ ಕೆಟ್ಟವಳಾಗಿರುವಷ್ಟು ಹೊತ್ತು ಕಥೆ ಎರಡನೇ ಪುಟ ದಾಟುವುದಿಲ್ಲ. ಉಗ್ರಾಣದ ಬೀಗದಕೈ ಸೊಂಟದಿಂದ ಕಳಚಿಕೊಟ್ಟ ಮೇಲೆ ಆ ಮನೆಯಲ್ಲಿ ಅವಳಿಗೆ ಉಳಿಯುವುದೇನು ಎಂದು ಯೋಚಿಸಲೇಬೇಕಾಗುತ್ತದೆ. 25ರಲ್ಲಿ ಸೊಸೆಯ ಕಡೆಯಿಂದಷ್ಟೇ ಕಂಡ ಜಗಳ 65ರಲ್ಲಿ ಎರಡೂ ಕಡೆಯಿಂದ ಕಾಣುತ್ತದೆ. ಇದಕ್ಕಿಂತ ದೊಡ್ಡ ಸಂಪಾದನೆ ನನಗೆ ಗೊತ್ತಿಲ್ಲ.

ಇದರ ಬದಲು "ಏನನ್ನು ಬಿಡ್ತೀರಿ?" ಅಂತ ಯಾರಾದರೂ ಕೇಳಬಾರದೇ! ತಡವಾಗಿ ಶುರು ಮಾಡಿದವರಿಗೆ ಸರಕು ಹೆಚ್ಚಾಗಿರುವುದೇ ಕಷ್ಟ. ಅಜ್ಜನ ಕಾಲದಿಂದ ಮೊಮ್ಮಗನ ನಾಮಕರಣದವರೆಗೆ ಎಲ್ಲವನ್ನೂ 8 ಪುಟದಲ್ಲಿ ತುರುಕುತ್ತಾರೆ. ಅದು ವಂಶಾವಳಿ ಆಗುತ್ತದೆ, ಕಥೆ ಆಗುವುದಿಲ್ಲ. ಒಂದು ದಿನ, ಒಂದು ಮನೆ, ಎರಡು ಮೂರು ಜನ ಸಾಕು. ಆಸ್ತಿ ಪಾಲಾದ ಕಥೆಯಾದರೆ ಪಂಚಾಯ್ತಿ ಕೂತ ಮಧ್ಯಾಹ್ನವೊಂದನ್ನೇ ಹಿಡಿಯಿರಿ. ಹಿಂದಿನ 20 ವರ್ಷ ಅವರ ಬೈಗುಳದಲ್ಲೇ ಹೊರಗೆ ಬರುತ್ತದೆ. "ದೊಡ್ಡಪ್ಪನಿಗೆ ಸಿಟ್ಟು ಬಂತು" ಎಂದು ಬರೆಯಬೇಡಿ. ಮುಂದಿಟ್ಟ ಎಲೆಯಡಿಕೆ ತಟ್ಟೆಯನ್ನು ಅವರು ಆಚೆ ತಳ್ಳಲಿ.

ದಿನಕ್ಕೆ 300 ಪದ ಬರೆದರೆ 3,000 ಪದದ ಕರಡು 10 ದಿನದಲ್ಲಿ ಮುಗಿಯುತ್ತದೆ. ಆಮೇಲೆ 15 ದಿನ ಅದನ್ನು ಮುಟ್ಟಬೇಡಿ. ತೆಗೆದಾಗ ಗಟ್ಟಿಯಾಗಿ ಓದಿ. ನಾಲಿಗೆ ತಡವರಿಸಿದ ವಾಕ್ಯವನ್ನು ಒಡೆಯಿರಿ. ಮೊದಲ ಪುಟ ಬಹಳ ಸಲ ಬರೀ ಪೀಠಿಕೆ. ಅದನ್ನು ಬಿಟ್ಟು ಓದಿದಾಗ ಏನೂ ಕಳೆದಂತೆ ಅನ್ನಿಸದಿದ್ದರೆ ಹೊಡೆದುಹಾಕಿ. ಕೊನೆಯ ಪ್ಯಾರಾದಲ್ಲಿ ಬುದ್ಧಿವಾದ ಇದ್ದರೆ ಅದನ್ನೂ.

ನೆನಪೇ ನಮ್ಮ ಬಂಡವಾಳ, ನಿಜ. ಆದರೂ ಇಸವಿಗಳನ್ನು ಪರೀಕ್ಷಿಸಲೇಬೇಕು. ಕಥೆ 1968ರಲ್ಲಿ ನಡೆಯುವುದಾದರೆ ಸರ್ಕಾರಿ ಬೋರ್ಡಿನಲ್ಲಿ 'ಕರ್ನಾಟಕ ಸರ್ಕಾರ' ಇರುವಂತಿಲ್ಲ. 1973ರ ನವೆಂಬರ್ 1ರವರೆಗೆ ಅದು ಮೈಸೂರು ರಾಜ್ಯ. ಹೊಸ ಪೈಸೆ ಬಂದಿದ್ದು 1957ರ ಏಪ್ರಿಲ್‌ನಲ್ಲಿ, ಆದರೆ 25 ಪೈಸೆಯನ್ನು ಜನ ನಾಲ್ಕಾಣೆ ಅನ್ನುವುದನ್ನು ಬಹಳ ಕಾಲ ಬಿಡಲಿಲ್ಲ. ಆದ್ದರಿಂದ 1968ರ ಪಾತ್ರ ನಾಲ್ಕಾಣೆ ಎಂದರೆ ತಿದ್ದಬೇಡಿ. ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾದವರು ಆ ಕಾಯುವಿಕೆಯನ್ನು ದಯವಿಟ್ಟು ಬರೆಯಿರಿ. ಸಾವಿನ ಸುದ್ದಿ ತಲುಪುವುದು ತಡವಾದರೆ ಏನೇನು ಕೆಡುತ್ತದೆ ಎಂಬುದು ಮೊಬೈಲ್ ಹಿಡಿದು ಬೆಳೆದವರಿಗೆ ಅಷ್ಟು ಸುಲಭವಾಗಿ ಹೊಳೆಯುವುದಿಲ್ಲ.

ಇನ್ನು ನೆಂಟರು ಗುರುತು ಹಿಡಿಯುತ್ತಾರೆಂಬ ಭಯ. ಹೆಸರು ಬದಲಿಸಿದರೆ ಸಾಲದು. ಊರು, ಉದ್ಯೋಗ, ಮಕ್ಕಳೆಷ್ಟು ಎಂಬುದು, ಎಲ್ಲ ಬದಲಿಸಿ. ಇಬ್ಬರ ಗುಣವನ್ನು ಒಬ್ಬರಿಗೆ ಕೊಡಿ. ಆಮೇಲೆ ಆ ನೆಂಟರು ಎಂದೂ ಮಾಡದ ಒಂದು ಕೆಲಸವನ್ನು ಪಾತ್ರದ ಕೈಯಲ್ಲಿ ಮಾಡಿಸಿ. ಸುಮಾರು ಕಥೆಗಳು ದಾರಿಗೆ ಬರುವುದು ಅಲ್ಲಿಂದಲೇ.