ಈಸ್ಟರ್ ರಜೆಗೆ ಅಪ್ಪ ಅಮ್ಮ ಬಂದಾಗ ಬ್ರೈಟನ್

ಬ್ರೈಟನ್ ಇಂಗ್ಲೆಂಡಿನ ಕಡಲತೀರದ ಊರು. ಲಂಡನ್ನಿನ ವಿಕ್ಟೋರಿಯಾ ಸ್ಟೇಷನ್ನಿನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ. ಮೂವರಿದ್ದರೆ 'ಗ್ರೂಪ್‌ಸೇವ್' ಎಂಬ ಗುಂಪು ರಿಯಾಯಿತಿ ಆರಿಸಿ, ಆಫ್‌-ಪೀಕ್ (ದಟ್ಟಣೆಯಿಲ್ಲದ ಹೊತ್ತಿನ) ಟಿಕೆಟ್‌ನಲ್ಲಿ ಮೂರನೇ ಒಂದು ಭಾಗ ಉಳಿಯುತ್ತದೆ. ಆದರೆ ಹೋಗಿ ಬರುವಾಗ ಮೂವರೂ ಜೊತೆಗೇ ಇರಬೇಕು. ಸ್ಟೇಷನ್ನಿನಿಂದ ಕಡಲಿಗೆ ಇಳಿಜಾರು, ಕಾಲು ಗಂಟೆ ನಡಿಗೆ. ವಾಪಸು ಬರುವಾಗ ಅದೇ ಏರು. ಮಂಡಿನೋವಿನವರಿದ್ದರೆ ಬಸ್ಸೇ ಸರಿ.

ಮಲ್ಪೆಯ ಮರಳು ನೆನೆದು ಹೋಗಬೇಡಿ. ಇಲ್ಲಿರುವುದು ಬರೀ ಉರುಟುಕಲ್ಲು. ಹವಾಯಿ ಚಪ್ಪಲಿಯಲ್ಲಿ ಕಾಲು ಹೊರಳುತ್ತದೆ, ಶೂ ಬೇಕು. ಏಪ್ರಿಲ್‌ನಲ್ಲೂ ನೀರು ಕೊರೆಯುತ್ತದೆ; ಗಾಳಿಗೆ ಕೊಡೆ ತಿರುವುಮುರುವಾಗುತ್ತದೆ, ಟೋಪಿಯಿರುವ ಮಳೆಕೋಟೇ ಗತಿ.

ಸಸ್ಯಾಹಾರಿಗಳು ಚಿಪ್ಸ್ (ಬಿಸಿಬಿಸಿ ಕರಿದ ಆಲೂಗಡ್ಡೆ ತುಂಡು) ಕೊಳ್ಳುವ ಮೊದಲು ಕರಿದದ್ದು ಯಾವುದರಲ್ಲಿ ಎಂದು ಕೇಳಲೇಬೇಕು. ಕೆಲವೆಡೆ ದನದ ಕೊಬ್ಬು, ಕೆಲವೆಡೆ ಮೀನು ಕರಿದ ಎಣ್ಣೆ. ಚಪಾತಿ ಕಟ್ಟಿಕೊಂಡರೆ ನಿಶ್ಚಿಂತೆ, ಸೀಗಲ್ ಹಕ್ಕಿ ಕಸಿಯದಿದ್ದರೆ!